ನೀಲಿ ಗುಂಡಿಯ ಕಥೆ

2001ನೇ ಇಸವಿಯ ಅಸೆಂಬ್ಲಿ ಎಲೆಕ್ಷನ್ನಿನಲ್ಲಿ ಓಟು ಹಾಕಿ ಹೊರಗೆ ಬಂದ ನಮ್ಮವ್ವ, "ಲೇ, ಪೆಟ್ಟಿಗೆ ಮಾತಾಡ್ತು ಕಣೋ" ಅಂದಳು. ಮುಖ ಅರಳಿತ್ತು. ಯಾರಿಗೆ ಹಾಕಿದೆ ಅಂತ ಕೇಳಿದ್ದಕ್ಕೆ, "ಅದನ್ನ ನಿಂಗ್ಯಾಕೆ ಹೇಳ್ಲಿ, ಅದಕ್ಕೆ ಹೇಳಿದೀನಿ" ಅಂತ ಸೆರಗು ಕೊಡವಿ ಮುಂದೆ ಹೋದಳು.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮದು ಮನೇಲಿ ಕನ್ನಡ, ಉತ್ತಮಪಾಳಯಂ ಪೇಟೆಗೆ ಇಳಿದರೆ ತಮಿಳು. ಎರಡನ್ನೂ ಆಡೋಳು, ಎರಡನ್ನೂ ಓದಲಾರಳು. ನಾನು ಏಳನೇ ಕ್ಲಾಸಿನ ತನಕ ತಮಿಳು ಓದಿದೆ, ಕನ್ನಡ ಅಕ್ಷರವನ್ನ ಪದ ಬರಕೊಳ್ಳೋಕೆ ಅಂತ ಆಮೇಲೆ ಕಲಿತೆ. ಆ ಪೆಟ್ಟಿಗೆಯನ್ನ ಅವ್ವನಂಥವರಿಗಾಗಿ ಹೇಗೆ ಮಾಡಿದರು ಅನ್ನೋದನ್ನ ಕೇಳಿ ತಿಳಿದಷ್ಟು ಬರೀತೀನಿ.

1951–52ರಲ್ಲಿ ದೇಶದ ಮೊದಲ ಚುನಾವಣೆ ಆದಾಗ ಓದು ಬಲ್ಲವರು ಕಮ್ಮಿ. ಅದಕ್ಕೇ ಎತ್ತು, ದೀಪ, ಗುಡಿಸಲು ಅಂತ ಗುರುತು ಕೊಟ್ಟರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಅವನ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗೀತು. 1957ರಲ್ಲೂ ಹೀಗೇ ನಡೀತು. 1962ರ ಹೊತ್ತಿಗೆ ಎಲ್ಲ ಹೆಸರೂ ಎಲ್ಲ ಗುರುತೂ ಒಂದೇ ಕಾಗದಕ್ಕೆ ಬಂದವು. ಬೆರಳಿಗೆ ಹಚ್ಚೋ ಅಳಿಸದ ಮಸಿ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರೋಕೆ ಶುರುವಾಗಿದ್ದೂ ಆ ವರ್ಷವೇ.

ಕಾಗದದ ಮೇಲೆ ಒತ್ತೋ ಮೊಹರಿನಲ್ಲೂ ಒಂದು ಜಾಣತನ ಇತ್ತು. ಅದರ ಕೈಗಳು ಒಂದೇ ಕಡೆಗೆ ತಿರುಗಿರುತ್ತವೆ. ಕಾಗದ ಮಡಚಿದಾಗ ಹಸಿ ಮಸಿ ಇನ್ನೊಂದು ಗುರುತಿನ ಮೇಲೆ ಅಂಟಿದರೆ, ಅಲ್ಲಿ ಕೈಗಳು ಉಲ್ಟಾ ತಿರುಗಿ ಕಾಣುತ್ತವೆ. ಒತ್ತಿದ್ದು ಯಾವುದು, ಅಂಟಿದ್ದು ಯಾವುದು ಅಂತ ಎಣಿಸೋರಿಗೆ ಗೊತ್ತಾಗುತ್ತೆ. ಆದರೆ ಮೊಹರು ಎರಡು ಗುರುತಿನ ನಡುವಿನ ಗೆರೆ ಮೇಲೆ ಬಿದ್ದು ಯಾರಿಗೆ ಅಂತ ತಿಳೀದೆ ಹೋದರೆ ಆ ಓಟು ಕುಲಗೆಟ್ಟಂತೆ. ಎರಡು ಕಡೆ ಒತ್ತಿದರೂ ಅಷ್ಟೇ. ಹಾಕಿದವಳಿಗೆ ಅದು ಯಾವತ್ತೂ ತಿಳಿಯೋದಿಲ್ಲ. ಪ್ರತಿ ಎಲೆಕ್ಷನ್ ಮುಗಿದ ರಾತ್ರಿ ಅವ್ವ ಒಲೆ ಮುಂದೆ ಕೂತು, "ನಂದು ಗೆರೆ ಮೇಲೆ ಬಿತ್ತೋ ಏನೋ" ಅನ್ನೋಳು. ಐದು ವರ್ಷಕ್ಕೆ ಒಂದು ಸಲ ಅವಳನ್ನ ಕೇಳೋರು, ಅದೂ ಸೇರಿತೋ ಇಲ್ಲವೋ ಅನ್ನೋ ಕೊರಗು.

1996ರಲ್ಲಿ ಈರೋಡು ಕಡೆಯ ಮೊಡಕುರಿಚ್ಚಿಯಲ್ಲಿ 1033 ಜನ ನಿಂತರು. ಬಹಳ ಜನ ನಮ್ಮಂಥ ರೈತರೇ, ತಮ್ಮ ಕಷ್ಟ ಸರಕಾರಕ್ಕೆ ಕಾಣಲಿ ಅಂತ ನಿಂತೋರು. ಓಟಿನ ಚೀಟಿ ಪುಸ್ತಕ ಆಗಿಹೋಯ್ತು. ಗುರುತು ಹುಡುಕಿ ಪುಟ ತಿರುವೋದು ಓದು ಬಂದವನಿಗೇ ಕಷ್ಟ.

ಅಷ್ಟರಲ್ಲಿ ಮಿಷಿನ್ನು ಹುಟ್ಟಿ ಬಹಳ ವರ್ಷ ಆಗಿತ್ತು. ಹೈದರಾಬಾದಿನ ಇ.ಸಿ.ಐ.ಎಲ್. 1979ರಲ್ಲೇ ಒಂದು ಮಾದರಿ ಮಾಡಿತ್ತು. ಆಮೇಲೆ ಬೆಂಗಳೂರಿನ ಬಿ.ಇ.ಎಲ್. ಕೈಹಾಕಿತು. ಅಲ್ಲಿ ಅದರ ಮೇಲ್ವಿಚಾರಣೆ ನೋಡಿದ ಇಂಜಿನಿಯರು ರಂಗರಾಜನ್. ತಮಿಳು ಓದೋರಿಗೆಲ್ಲ ಇವರು ಗೊತ್ತು, ಸುಜಾತಾ ಅನ್ನೋ ಹೆಂಡತಿ ಹೆಸರಲ್ಲಿ ಕಥೆ ಬರೆದೋರು. ತಮಿಳಿನವರು ಕನ್ನಡದ ಊರಲ್ಲಿ ಕೂತು ಮಾಡಿಸಿದ್ದು, ತಮಿಳಿನ ಊರಲ್ಲಿರೋ ಕನ್ನಡದವಳ ಕೈಗೆ ಬಂತು ನೋಡಿ. ಪೆಟ್ಟಿಗೆಯ ರೂಪು, ಗುಂಡಿ ಎಲ್ಲಿರಬೇಕು ಅನ್ನೋದನ್ನ ಬೊಂಬಾಯಿ ಐ.ಐ.ಟಿ.ಯ ವಿನ್ಯಾಸ ಕೇಂದ್ರದ ಎ. ಜಿ. ರಾವ್, ರವಿ ಪೂವಯ್ಯ ಅನ್ನೋ ಮೇಷ್ಟ್ರುಗಳು ತೀರ್ಮಾನ ಮಾಡಿದರು.

1982ರಲ್ಲಿ ಕೇರಳದ ಪರವೂರಿನಲ್ಲಿ 50 ಬೂತುಗಳಲ್ಲಿ ಇಟ್ಟು ನೋಡಿದರು. ಕಾನೂನಿನಲ್ಲಿ ಮಿಷಿನ್ನಿನ ಮಾತೇ ಇಲ್ಲ ಅಂತ 1984ರಲ್ಲಿ ಸುಪ್ರೀಂ ಕೋರ್ಟು ಅದನ್ನ ತಳ್ಳಿಹಾಕಿತು. 1988ರಲ್ಲಿ ಕಾನೂನು ತಿದ್ದಿದರು. 1998ರಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ದಿಲ್ಲಿಯ ಕೆಲವು ಕ್ಷೇತ್ರ, 2001ರಲ್ಲಿ ನಮ್ಮ ತಮಿಳುನಾಡು ಪೂರ್ತಿ, 2004ರಲ್ಲಿ ದೇಶ ಪೂರ್ತಿ.

ಈಗ ಪೆಟ್ಟಿಗೆ ಹೆಂಗೆ ಅಂತ ನೋಡೋಣ. ಹೆಸರಿನ ಪಕ್ಕ ಗುರುತು, ಗುರುತಿನ ನೇರಕ್ಕೆ ಕೆಂಪು ದೀಪ, ಅದರ ಪಕ್ಕ ನೀಲಿ ಗುಂಡಿ. ಒಂದು ಗುರುತಿಗೆ ಒಂದೇ ಗುಂಡಿ. ಒಂದು ಪೆಟ್ಟಿಗೆಗೆ ಹದಿನಾರು ಗುಂಡಿ. ಅಭ್ಯರ್ಥಿ ಕಮ್ಮಿ ಇದ್ದರೆ ಉಳಿದ ಗುಂಡಿಗಳನ್ನ ಮುಚ್ಚಿಬಿಡ್ತಾರೆ, ಕೈ ತಪ್ಪೋ ಹಂಗೇ ಇಲ್ಲ. ಅಧಿಕಾರಿ ತನ್ನ ಕಡೆಯ ಗುಂಡಿ ಒತ್ತಿದರೆ ಇಲ್ಲಿ ಹಸಿರು ದೀಪ ಹತ್ತುತ್ತೆ, ಅಂದರೆ ಈಗ ನಿನ್ನ ಸರದಿ. ಒತ್ತಿದರೆ ಕೆಂಪು ದೀಪ, ಜೊತೆಗೆ ಉದ್ದಕ್ಕೆ ಕೂಯ್ ಅನ್ನೋ ಸದ್ದು. ಗಾಬರಿಯಲ್ಲಿ ಹತ್ತು ಸಲ ಒತ್ತಿದರೂ ಒಂದೇ ಓಟು. ಬ್ಯಾಟರಿಯಲ್ಲಿ ನಡೆಯೋದರಿಂದ ಕರೆಂಟಿನ ಹಂಗಿಲ್ಲ. ಕಣ್ಣು ಕಾಣದವರಿಗೆ ಅಂತ ಗುಂಡಿ ಪಕ್ಕ ಬ್ರೈಲ್ ಅಂಕಿಗಳು ಆಮೇಲೆ ಬಂದವು. ಯಾವ ಗುರುತಿಗೆ ಬಿತ್ತು ಅಂತ ಏಳು ಸೆಕೆಂಡು ತೋರಿಸೋ ಚೀಟಿ 2013ರಿಂದ ಒಂದೊಂದೇ ಕಡೆ ಬಂದು, 2019ಕ್ಕೆ ಎಲ್ಲಾ ಬೂತಿಗೂ ಬಂತು. ಮಿಷಿನ್ನಿನ ಮೇಲೆ ಅನುಮಾನ ಪಡೋರು ಈಗಲೂ ಇದ್ದಾರೆ, ಆ ವಾದ ದೊಡ್ಡದು, ನನ್ನ ಅಳತೆಗೆ ಮೀರಿದ್ದು. ನಾನು ಹೇಳ್ತಿರೋದು ಆ ಸದ್ದಿನ ಮಾತು.

ಪದ ಹಾಡೋರಿಗೆ ಇದು ಬೇಗ ತಿಳಿಯುತ್ತೆ. ನಾನು ಒಂದು ಸಾಲು ಬಿಟ್ಟರೆ ಹಿಂದಿನವರು ಸೊಲ್ಲು ಕೊಡಬೇಕು. ಸೊಲ್ಲು ಬರದಿದ್ದರೆ ಹಾಡಿದ್ದು ಕೇಳಿಸಿತೋ ಇಲ್ಲವೋ ಅಂತ ಎದೆ ಡವಡವ. ಮೊಹರಿನ ಕಾಗದ ಅವ್ವನಿಗೆ ಸೊಲ್ಲು ಕೊಡಲಿಲ್ಲ, ಈ ಪೆಟ್ಟಿಗೆ ಕೊಟ್ಟಿತು. ಆ ರಾತ್ರಿ ಅವಳು ಗೆರೆಯ ಮಾತೇ ಎತ್ತಲಿಲ್ಲ.

ಹೋದ ವರ್ಷ ನನ್ನ ಬಾಳೆತೋಟದ ಮೋಟ್ರಿಗೆ ಫೋನಿಂದ ನಡೆಸೋ ಸ್ಟಾರ್ಟರ್ ಹಾಕಿಸಿದೆ. ಹಳೇದರಲ್ಲಿ ಹಸಿರು ಒತ್ತಿದರೆ ಓಡೋದು, ಕೆಂಪು ಒತ್ತಿದರೆ ನಿಲ್ಲೋದು, ಟಕ್ ಅನ್ನೋದು. ಹೊಸದಕ್ಕೆ ಫೋನ್ ಮಾಡಿದರೆ ಒಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳ್ತಾಳೆ, ನಾವು ಅಂಕಿ ಒತ್ತಬೇಕು. ಒತ್ತಿದೆ. ನಿಂತಿತು ಅಂತ ಮಲಗಿದೆ. ಬೆಳಿಗ್ಗೆ ಹೋದರೆ ತೋಟವೆಲ್ಲ ಕೆರೆ, ಎರಡು ಸಾಲು ಬಾಳೆ ವಾಲಿತ್ತು. ಮಾಡಿದ ಕಂಪನಿ ಹೆಸರು ಇಲ್ಲಿ ಬೇಡ. ಮೆಕ್ಯಾನಿಕ್ ಹುಡುಗನನ್ನ ಕರೆದು, "ತಮ್ಮಾ, ಮೋಟ್ರು ಓಡೋವಾಗ ಉರಿಯೋ ಹಂಗೆ ಶೆಡ್ಡಿನ ಮೇಲೆ ಒಂದು ಕೆಂಪು ಬಲ್ಬು ಹಾಕಿಕೊಡು" ಅಂದೆ. ನಕ್ಕ, ಆದರೂ ಹಾಕಿಕೊಟ್ಟ. ಈಗ ರಾತ್ರಿ ಜಗುಲಿ ಮೇಲೆ ಕೂತರೆ ಅದು ಕಾಣುತ್ತೆ. ಆರಿದ ಮೇಲೇ ನಾನು ಒಳಕ್ಕೆ ಹೋಗೋದು.