ಟ್ರಾಮ್ ಹಳಿಯ ಮೇಲೆ ಇಬ್ಬರು

ನಮ್ಮ ಬೆಂಗಳೂರಿನಲ್ಲಿ ಟ್ರಾಮ್ ಓಡಲೇ ಇಲ್ಲ. ಹಾಗಾಗಿ ನಮ್ಮ ಬಾಲ್ಯದಲ್ಲಿ ಟ್ರಾಮ್ ಎಂದರೆ ಮುಂಬಯಿಗೋ ಮದರಾಸಿಗೋ ಹೋಗಿಬಂದ ಹಿರಿಯರು ಹೇಳುತ್ತಿದ್ದ ಕಥೆಯಷ್ಟೇ. ಮದರಾಸಿನಲ್ಲಿ 1895ರಲ್ಲಿಯೇ ವಿದ್ಯುತ್ ಟ್ರಾಮ್ ಬಂದಿತ್ತು, 1953ರಲ್ಲಿ ನಿಂತಿತು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳು ಎಳೆಯುವ ಟ್ರಾಮ್ ಆರಂಭವಾಗಿ, 1907ರಲ್ಲಿ ವಿದ್ಯುತ್ತಿಗೆ ಬದಲಾಗಿ, 1964ರ ಮಾರ್ಚ್ 31ರ ರಾತ್ರಿ ಕೊನೆಯ ಗಾಡಿ ಓಡಿತು.

ಮೊನ್ನೆ ಮೆಲ್ಬರ್ನ್‌ನಲ್ಲಿರುವ ಮೊಮ್ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು: "ಟ್ರಾಮ್ ಅಷ್ಟು ನಿಧಾನವಾಗಿ ಬರುತ್ತದೆ, ಗಂಟೆಯನ್ನೂ ಬಾರಿಸುತ್ತದೆ. ಆದರೂ ಜನ ಅದಕ್ಕೆ ಸಿಕ್ಕುವುದೇಕೆ, ತಾತ?"

ಪ್ರಶ್ನೆ ಚೆನ್ನಾಗಿದೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಘರ್ಷಣೆಯ ಪಾಠ ನೆನಪಿರಬೇಕು (ಇಲ್ಲದಿದ್ದರೂ ಈಗ ಶಿಕ್ಷೆಯಿಲ್ಲ!). ರಸ್ತೆಯ ಮೇಲೆ ರಬ್ಬರ್ ಚಕ್ರಕ್ಕೆ ಸಿಗುವ ಹಿಡಿತ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಸಿಗುವುದಿಲ್ಲ. ಮಳೆ ಹನಿದರೆ, ಎಲೆ ಬಿದ್ದು ನೆನೆದರೆ, ಅದು ಇನ್ನೂ ಕಡಿಮೆ. ಅದಕ್ಕಾಗಿಯೇ ಟ್ರಾಮುಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟು, ಚಕ್ರದ ಮುಂದೆ ಹಳಿಯ ಮೇಲೆ ಮರಳು ಸುರಿಯುವ ಏರ್ಪಾಡು ಮಾಡಿದರು. ಎತ್ತಿನಗಾಡಿಯವನು ಪಕ್ಕಕ್ಕೆ ತಿರುಗಿಸಿಯಾದರೂ ತಪ್ಪಿಸಬಲ್ಲ; ಟ್ರಾಮ್ ಚಾಲಕನಿಗೆ ಆ ಅವಕಾಶವಿಲ್ಲ. ಗಂಟೆ ಬಾರಿಸಬೇಕು, ಬ್ರೇಕ್ ಹಾಕಬೇಕು, ಅಷ್ಟೇ. ಹಳೆಯ ಗಾಡಿಗಳ ಮುಂಭಾಗದಲ್ಲಿ ಒಂದು ತೂಗುವ ಚೌಕಟ್ಟು ಇರುತ್ತಿತ್ತು. ಅದಕ್ಕೆ ದೇಹ ತಗುಲಿದೊಡನೆ ಹಿಂದಿನ ತಟ್ಟೆಯೊಂದು ಹಳಿಯ ಮೇಲಕ್ಕೆ ಬಿದ್ದು, ಬಿದ್ದವನು ಚಕ್ರದಡಿ ಹೋಗದಂತೆ ಮೊರದಲ್ಲಿ ಬಾಚಿದಂತೆ ತಡೆಯುತ್ತಿತ್ತು.

ಇನ್ನೊಂದು ಅಪಾಯ ಹತ್ತಿಳಿಯುವಾಗಿನದು. ಹಳಿ ಅನೇಕ ಕಡೆ ರಸ್ತೆಯ ನಡುವೆ ಇರುತ್ತದೆ. ಇಳಿದವನು ಪಾದಚಾರಿ ಮಾರ್ಗ ಸೇರಲು ವಾಹನಗಳ ನಡುವೆ ದಾಟಬೇಕು. ಮೆಲ್ಬರ್ನ್‌ನ ರಸ್ತೆ ನಿಯಮದಲ್ಲಿ, ಇಂಥ ಕಡೆ ಟ್ರಾಮ್ ನಿಂತಾಗ ಹಿಂದಿನಿಂದ ಬರುವ ಕಾರುಗಳೂ ಅದರ ಹಿಂಭಾಗದ ಮಟ್ಟದಲ್ಲಿಯೇ ನಿಲ್ಲಬೇಕು. ನಿಂತ ಟ್ರಾಮಿನ ಮರೆಯಿಂದ ದಾಟಿದರೆ ಎದುರಿನಿಂದ ಬರುವ ಇನ್ನೊಂದು ಟ್ರಾಮ್ ಕಾಣುವುದಿಲ್ಲ ಎಂಬುದನ್ನೂ ಮೊಮ್ಮಗಳಿಗೆ ಹೇಳಿದೆ.

ಆದರೆ ಹೇಳುವಾಗ ನನ್ನ ಮನಸ್ಸು ಇಬ್ಬರು ಮಹನೀಯರ ಕಡೆಗೆ ಹೋಗಿತ್ತು.

ಮೊದಲನೆಯವರು ಬಾರ್ಸಿಲೋನಾದ ವಾಸ್ತುಶಿಲ್ಪಿ ಆಂಟೊನಿ ಗೌಡಿ. 1926ರ ಜೂನ್ 7ರ ಸಂಜೆ, ನಿತ್ಯದಂತೆ ಇಗರ್ಜಿಗೆ ನಡೆದು ಹೋಗುತ್ತಿದ್ದಾಗ ಗ್ರಾನ್ ವಿಯಾ ರಸ್ತೆಯಲ್ಲಿ ಟ್ರಾಮ್ ಬಡಿಯಿತು. ವಯಸ್ಸು 73. ಉಡುಪು ಹರಕು, ಜೇಬಿನಲ್ಲಿ ಗುರುತಿನ ಪತ್ರವಿಲ್ಲ. ಭಿಕ್ಷುಕನೆಂದು ಬಗೆದು ಟ್ಯಾಕ್ಸಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಬಡವರ ಆಸ್ಪತ್ರೆಗೆ ಸೇರಿಸಲಾಯಿತು. ಗುರುತು ಸಿಕ್ಕಿದ್ದು ಮರುದಿನ. ಜೂನ್ 10ರಂದು ತೀರಿಕೊಂಡರು. ತಾವು ನಾಲ್ಕು ದಶಕ ದುಡಿದ ಸಗ್ರಾದಾ ಫಮಿಲಿಯಾ ದೇಗುಲದ ನೆಲಮಾಳಿಗೆಯಲ್ಲಿಯೇ ಅವರ ಸಮಾಧಿಯಿದೆ.

ಎರಡನೆಯವರು ಬಂಗಾಳಿ ಕವಿ ಜೀವನಾನಂದ ದಾಸ್. 'ಬನಲತಾ ಸೇನ್' ಬರೆದವರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರೂ ಮೇಷ್ಟರೇ, ಆ ಕಾರಣಕ್ಕೋ ಏನೋ ನನಗೆ ಹತ್ತಿರ. 1954ರ ಅಕ್ಟೋಬರ್ 14ರ ಸಂಜೆ ಕಲ್ಕತ್ತೆಯ ದೇಶಪ್ರಿಯ ಪಾರ್ಕ್ ಬಳಿ ರಾಸಬಿಹಾರಿ ಅವೆನ್ಯೂ ದಾಟುತ್ತಿದ್ದರು. ಟ್ರಾಮ್ ಬಡಿದು ಪಕ್ಕೆಲುಬು, ಕಾಲುಗಳು ಮುರಿದವು. ಎಂಟು ದಿನ ಆಸ್ಪತ್ರೆಯಲ್ಲಿದ್ದು, 22ರಂದು ಕೊನೆಯುಸಿರೆಳೆದರು. ವಯಸ್ಸು 55. ಅದು ಆಕಸ್ಮಿಕವೋ, ಬೇಸತ್ತ ಮನಸ್ಸಿನ ನಿರ್ಧಾರವೋ ಎಂದು ಇಂದಿಗೂ ಚರ್ಚೆ ಮಾಡುವವರಿದ್ದಾರೆ. ಯೋಚನೆಯಲ್ಲಿ ಮುಳುಗಿ ನಡೆಯುವವರ ಅಭ್ಯಾಸ ನಾನು ಬಲ್ಲೆ. ಆ ಚರ್ಚೆ ನನಗೆ ರುಚಿಸುವುದಿಲ್ಲ.

ಕಲ್ಕತ್ತೆಯ ಟ್ರಾಮ್ 1873ರಷ್ಟು ಹಳೆಯದು. ಮೈದಾನದ ಒಂದು ಮಾರ್ಗ ಬಿಟ್ಟು ಉಳಿದುದನ್ನು ನಿಲ್ಲಿಸುವುದಾಗಿ 2024ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿದಾಗ ಪತ್ರಿಕೆ ಓದಿ ನನಗೂ ವ್ಯಸನವಾಯಿತು. ಅಪಘಾತದ ಕಥೆ ಹೇಳುವವನಿಗೆ ಟ್ರಾಮಿನ ಮೇಲೆ ಪ್ರೀತಿಯೇ ಎಂದು ನೀವು ನಗಬಹುದು.

ಜೀವನಾನಂದರು ತೀರಿಕೊಂಡ ಮೇಲೆ ಅವರ ಟ್ರಂಕುಗಳಲ್ಲಿ ಅಚ್ಚಾಗದ ಕಾದಂಬರಿಗಳು, ಕಥೆಗಳು ಸಿಕ್ಕಿದವು. ಅವರು ಗದ್ಯ ಬರೆಯುತ್ತಿದ್ದ ವಿಷಯ ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. 'ರೂಪಸಿ ಬಾಂಗ್ಲಾ' ಎಂಬ ಕವನ ಸಂಕಲನ ಅಚ್ಚಾದದ್ದು 1957ರಲ್ಲಿ, ಅವರಿಲ್ಲದೆ.