ಒಂದೇ ಹೆಸರಿನ ಎರಡು ಜೊಂಡು

ನ್ಯೂಅರ್ಕ್ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ನ್ಯೂಜೆರ್ಸಿ ಟರ್ನ್‌ಪೈಕ್ ಹಿಡಿದವರಿಗೆ ರಸ್ತೆಯ ಎರಡೂ ಬದಿಯಲ್ಲಿ ಮೊದಲು ಕಾಣುವುದು ಜೊಂಡು. ಹ್ಯಾಕೆನ್‌ಸ್ಯಾಕ್ ನದಿಯ ಮೆಡೋಲ್ಯಾಂಡ್ಸ್ ಎಂಬ ಈ ಜೌಗಿನಲ್ಲಿ ಅದು ಎರಡಾಳೆತ್ತರ ಬೆಳೆದು, ಕಂದು ತೆನೆಗಳನ್ನು ಗಾಳಿಗೆ ಒಡ್ಡಿ ನಿಂತಿರುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫ್ರಾಗ್ಮೈಟಿಸ್ ಆಸ್ಟ್ರಾಲಿಸ್. ಇದು ನೆಲದ ಮೂಲನಿವಾಸಿಯೋ ಹೊರಗಿನಿಂದ ನುಗ್ಗಿದ ಕಳೆಯೋ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದುದ್ದಕ್ಕೂ ನೇರ ಉತ್ತರ ಇರಲಿಲ್ಲ. ನೆರೆಯ ಕನೆಕ್ಟಿಕಟ್‌ನ ಕಡಲಂಚಿನ ಜೌಗುಗಳಲ್ಲಿ ಸುಮಾರು 3,000 ವರ್ಷ ಹಳೆಯ ಪದರಗಳಲ್ಲೂ ಇದರ ಬೇರುಕಾಂಡ ಸಿಕ್ಕಿತ್ತು. ಅಮೆರಿಕದ ನೈರುತ್ಯ ಭಾಗದಲ್ಲಿ, ಅಳಿದುಹೋದ ದೈತ್ಯ ಸ್ಲಾತ್ ಪ್ರಾಣಿಯ ಸುಮಾರು 40,000 ವರ್ಷ ಹಳೆಯ ಲದ್ದಿಯಲ್ಲೂ ಇದರ ಕುರುಹಿತ್ತು. ಹಾಗಾದರೆ ಸ್ಥಳೀಯ ಗಿಡವೇ ಸರಿ ಎಂದು ತೀರ್ಮಾನವಾಯಿತು. ಸಾವಿರಾರು ವರ್ಷ ತೆಪ್ಪಗಿದ್ದ ಗಿಡ ನೂರೇ ವರ್ಷಗಳಲ್ಲಿ ಜೌಗನ್ನೆಲ್ಲ ನುಂಗಿದ್ದೇಕೆ ಎಂಬುದು ಮಾತ್ರ ಒಗಟಾಗಿಯೇ ಉಳಿಯಿತು.

ಈ ಒಗಟಿಗೆ ಮೆಡೋಲ್ಯಾಂಡ್ಸ್‌ನ ಚರಿತ್ರೆಯೇ ಒಂದು ಉತ್ತರ ಕೊಡುವಂತಿತ್ತು, ಅದು ನಂಬುವಂಥದ್ದೂ ಆಗಿತ್ತು. ಇಲ್ಲಿ ಹಿಂದೆ ಬಿಳಿ ಸೀಡರ್ ಮರಗಳ ಜೌಗುಕಾಡಿತ್ತು. ಮರವನ್ನು ಕಡಿದು ಸಾಗಿಸಿದರು. ಸೊಳ್ಳೆ ಕಾಟ ತಡೆಯಲು ಕಾಲುವೆ ತೋಡಿ, ಉಬ್ಬರದ ನೀರಿಗೆ ಬಾಗಿಲು ಹಾಕಿದರು. 1920ರ ದಶಕದ ಆರಂಭದಲ್ಲಿ ಮೇಲ್ಗಡೆ ಓರಡೆಲ್ ಅಣೆಕಟ್ಟು ಎದ್ದಿತು. ನದಿಯ ಸಿಹಿನೀರು ಕುಡಿಯುವ ನೀರಿನ ಕೊಳವೆಗಳಿಗೆ ಹರಿಯಿತು, ಕಡಲಿನ ಉಪ್ಪು ಒಳಗೊಳಗೆ ಏರಿತು, ಉಳಿದಿದ್ದ ಸೀಡರ್ ಒಣಗಿತು. ಮೇಲೆ ನಗರದ ಕಸದ ಗುಡ್ಡೆಗಳು ಬೇರೆ. ಇಷ್ಟೆಲ್ಲ ಕೆಡಿಸಿದ ಮೇಲೆ ಯಾವ ಗಿಡ ತಡೆದುಕೊಳ್ಳುತ್ತದೋ ಅದು ಹಬ್ಬುತ್ತದೆ. ತಪ್ಪು ಮನುಷ್ಯನದು, ಗಿಡದ್ದಲ್ಲ ಎಂಬುದು ಆ ವಾದ. ಅದರಲ್ಲಿ ಹುರುಳಿದೆ. ಹಬ್ಬಲು ಜಾಗ ಸಿಕ್ಕಿದ್ದು ಹೇಗೆ ಎಂದು ಅದು ತಿಳಿಸುತ್ತದೆ. ಹಬ್ಬಿದ್ದು ಯಾವ ಜೊಂಡು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ, ಏಕೆಂದರೆ ಎರಡು ಇರಬಹುದೆಂಬ ಅನುಮಾನವೇ ಅದಕ್ಕಿರಲಿಲ್ಲ.

ಒಗಟು ಬಗೆಹರಿದದ್ದು ಸಸ್ಯಾಲಯಗಳ ಒಣಗಿದ ಹಾಳೆಗಳಿಂದ. ನ್ಯೂಯಾರ್ಕ್ ಸುತ್ತಲಿನ ಸಸ್ಯಶಾಸ್ತ್ರಜ್ಞರಿಗೆ ಗಿಡ ಒಣಗಿಸಿ, ಸಿಕ್ಕ ಜಾಗ ಮತ್ತು ದಿನ ಬರೆದಿಡುವ ಅಭ್ಯಾಸ ಹಳೆಯದು. ಜಾನ್ ಟೋರಿ ನಗರದ ಮೂವತ್ತು ಮೈಲಿ ಆಸುಪಾಸಿನ ಗಿಡಗಳ ಪಟ್ಟಿಯನ್ನು 1819ರಲ್ಲೇ ಅಚ್ಚು ಹಾಕಿಸಿದ್ದ. ಮುಂದೆ ಫೆಡರಲ್ ನ್ಯಾಯಾಧೀಶನಾದ ಅಡಿಸನ್ ಬ್ರೌನ್ 1879–80ರ ಹೊತ್ತಿಗೆ, ಹಡಗುಗಳು ಭಾರಕ್ಕೆಂದು ತುಂಬಿ ತಂದು ಬಂದರಿನ ಬಳಿ ಸುರಿದ ಮಣ್ಣಿನಲ್ಲಿ ಮೊಳೆತ ಪರದೇಶದ ಗಿಡಗಳನ್ನು ಹುಡುಕಿ ದಾಖಲಿಸುತ್ತಿದ್ದ. (ಮುಂದೆ ತೀರ್ಪು ಬರೆಯಲಿದ್ದ ಕೈಗೆ ಕಳೆಗಿಡದ ಗೀಳು, ಇಂಥ ಹವ್ಯಾಸಿಗಳಿಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.) ವಿಜ್ಞಾನಿ ಕ್ರಿಸ್ಟಿನ್ ಸಾಲ್ಟನ್‌ಸ್ಟಾಲ್ ಇಂಥ ಹಳೆಯ ಮಾದರಿಗಳ ಹಸಿರುಕಣದ ಡಿಎನ್‌ಎಯನ್ನು ಈಗಿನ ಜೊಂಡಿನದರೊಂದಿಗೆ ಹೋಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. 1910ಕ್ಕೆ ಹಿಂದಿನ ಹಾಳೆಗಳಲ್ಲಿ ಅಮೆರಿಕದ್ದೇ ಆದ ಹಲವು ವಂಶಗಳಿದ್ದವು. ಈಗ ಅಟ್ಲಾಂಟಿಕ್ ಕರಾವಳಿಯಲ್ಲಿ ಬಹುಪಾಲು ಒಂದೇ ವಂಶ, ಯುರೋಪ್ ಮತ್ತು ಏಷ್ಯಾದಲ್ಲಿ ಸಾಮಾನ್ಯವಾದ ‘ಎಂ’ ಎಂಬುದು. ಹಡಗಿನ ಭಾರದ ಮಣ್ಣೇ ಅದನ್ನು ತಂದಿರಬೇಕೆಂಬುದು ಬಲವಾದ ಊಹೆ. ಹೊರಗಿನದು ಒಳಗಿನದರ ಹೆಸರಿನಲ್ಲೇ ಬಂದು ನೂರು ವರ್ಷ ಯಾರಿಗೂ ಸಿಕ್ಕಿಬೀಳದೆ ಹಬ್ಬಿತ್ತು. 2004ರಲ್ಲಿ ಸ್ಥಳೀಯ ಜೊಂಡಿಗೆ ಅಮೆರಿಕಾನಸ್ ಎಂಬ ಉಪಜಾತಿಯ ಹೆಸರು ಬಂತು.

ಪ್ರಯೋಗಾಲಯ ಹೇಳಿದ ಮೇಲೆ ಕಣ್ಣಿಗೂ ವ್ಯತ್ಯಾಸ ಕಾಣತೊಡಗಿತು. ಸ್ಥಳೀಯ ಜೊಂಡಿನ ಕಾಂಡ ನುಣುಪು, ಬೇಸಿಗೆಯಲ್ಲಿ ಬುಡದತ್ತ ಕೆಂಪು. ಎಲೆಬುಡದ ಕವಚ ಒಣಗಿದಾಗ ಕಳಚಿ ಬೀಳುತ್ತದೆ. ಹೊರಗಿನದರ ಕಾಂಡ ಒರಟು, ಕವಚ ಚಳಿಗಾಲದಲ್ಲೂ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎಲೆ ಕಾಂಡವನ್ನು ಬಿಡುವ ಸಂದಿನ ಪೊರೆ ಸ್ಥಳೀಯದರಲ್ಲಿ ಒಂದು ಮಿಲಿಮೀಟರಿಗೆ ಮೇಲೆ, ಹೊರಗಿನದರಲ್ಲಿ ಅದಕ್ಕಿಂತ ಕಡಿಮೆ. ಇದು ನಮ್ಮ ಗದ್ದೆಗೆ ಹೊಸ ವಿದ್ಯೆಯಲ್ಲ: ಪೈರಿನ ನಡುವೆ ಊದಲಿನ ಜಾತಿಯ ಕಳೆಯನ್ನು ಆರಿಸುವಾಗಲೂ ಅದೇ ಸಂದು ನೋಡಬಹುದು, ಭತ್ತಕ್ಕೆ ಪೊರೆ ಇದೆ, ಕಳೆಗೆ ಇಲ್ಲ. ನ್ಯೂಜೆರ್ಸಿಯ ತೋಟಗಳಲ್ಲಿ ಚೆಲುವಿಗೆಂದು ನೆಟ್ಟ ಮಿಸ್ಕಾಂತಸ್ ಹುಲ್ಲುಗಳಿಗೂ ಇದೇ ಎಚ್ಚರ ಬೇಕು. ಎಲೆಯ ನಡುವೆ ಎದ್ದು ಕಾಣುವ ಬಿಳಿ ನರ ಅವನ್ನು ಜೊಂಡಿನಿಂದ ಬೇರೆ ಮಾಡುತ್ತದೆ. ಆದರೆ ಅವುಗಳೊಳಗೇ ಸೈನೆನ್ಸಿಸ್ ಎಂಬ ಜಾತಿಯ ಕಾಳಿಗೆ ಮುಳ್ಳಿನಂಥ ಮೀಸೆಯಿದ್ದು ಗುಂಪುಗಟ್ಟಿ ಬೆಳೆಯುತ್ತದೆ. ಸ್ಯಾಕರಿಫ್ಲೋರಸ್ ಎಂಬ ಜಾತಿಗೆ ಮೀಸೆಯಿಲ್ಲ, ನೆಲದಡಿ ಹರಿದು ಹಬ್ಬುತ್ತದೆ. ಒಂದರ ಬೀಜವನ್ನು ಕಾಯಬೇಕು, ಇನ್ನೊಂದರ ಬೇರುಕಾಂಡವನ್ನು.

ಎರಡೂ ಜೊಂಡಿನ ಜಾತಿ ಒಂದೇ ಆಗಿರುವಾಗ ಇಷ್ಟು ಸೂಕ್ಷ್ಮ ಯಾಕೆ ಎಂದು ಕೇಳುವವರಿದ್ದಾರೆ. ಅಕ್ಕಪಕ್ಕ ಬೆಳೆದರೂ ಇವೆರಡರ ಮಿಶ್ರತಳಿ ಅಪರೂಪ, ಮತ್ತು ಇವುಗಳ ಪಾಡು ಒಂದೇ ಅಲ್ಲ: ಸ್ಥಳೀಯದು ಇತರ ಗಿಡಗಳ ನಡುವೆ ತೆಳುವಾಗಿ ನಿಲ್ಲುತ್ತದೆ, ಹೊರಗಿನದು ಬೇರೆಯವಕ್ಕೆ ಬೆಳಕೇ ಬಿಡುವುದಿಲ್ಲ. ಎಲ್ಲವನ್ನೂ ಸ್ಥಳೀಯ ಎಂದುಕೊಂಡ ಕಾಲದಲ್ಲಿ ಹೊರಗಿನದಕ್ಕೆ ರಕ್ಷಣೆ ಸಿಕ್ಕಿತು. ಎಲ್ಲವನ್ನೂ ಕಳೆ ಎಂದರೆ ಅಳಿದುಳಿದ ಸ್ಥಳೀಯ ಜೊಂಡಿಗೂ ಕಳೆನಾಶಕ ಬೀಳುತ್ತದೆ. ಇದಕ್ಕಿಂತ ತೂಕದ ಆಕ್ಷೇಪ ಹಡ್ಸನ್ ದಡದ ಪಿಯರ್ಮಾಂಟ್ ಊರಿನದು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅಲೆಯನ್ನೂ ತೇಲಿಬಂದ ಕಸವನ್ನೂ ತಡೆದದ್ದು ಈ ಜೊಂಡಿನ ಗೋಡೆಯೇ, ಅದನ್ನು ಕೊಲ್ಲಬೇಡಿ ಎಂದು ಅಲ್ಲಿನ ನಿವಾಸಿಗಳು ರಾಜ್ಯದ ಯೋಜನೆಯನ್ನು ವಿರೋಧಿಸಿದರು. ಪರಿಸರ ವಿಜ್ಞಾನಿ ಎರಿಕ್ ಕಿವಿಯಟ್ ಕೂಡ ಮೆಡೋಲ್ಯಾಂಡ್ಸ್‌ನ ಜೊಂಡಿನಲ್ಲಿ ಎಷ್ಟೋ ಜೀವಿಗಳು ನೆಲೆ ಕಂಡಿವೆಯೆಂದು ತೋರಿಸಿದ್ದಾರೆ. ಇವರ ಮಾತು ಸರಿಯೆಂದೇ ನನಗನ್ನಿಸುತ್ತದೆ. ಆದರೆ ಗುರುತು ಹಿಡಿಯುವುದು ಕೊಲ್ಲುವ ಆಜ್ಞೆಯಲ್ಲ. ಅಲೆ ತಡೆಯುವ ಹೊರಗಿನ ಜೊಂಡನ್ನು ಪಿಯರ್ಮಾಂಟಿನಲ್ಲಿ ಉಳಿಸಿಕೊಳ್ಳಬಹುದು, ನದಿಯ ಮೇಲ್ಗಡೆ ಅದೇ ಜೊಂಡು ಸ್ಥಳೀಯದರ ಪಕ್ಕ ತಲೆಯೆತ್ತಿದರೆ ಕೀಳಬಹುದು. ಕಾಂಡದ ಕವಚ ಕಿತ್ತು ನೋಡದವನಿಗೆ ಈ ಎರಡರಲ್ಲಿ ಯಾವುದನ್ನೂ ತೀರ್ಮಾನಿಸಲು ಬರುವುದಿಲ್ಲ.