ಗೋಪಾಲಗೌಡರು ಹಾಕದ ಮತಗಳು

ಮೊಮ್ಮಗಳು ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಹೋದ ಮಳೆಗಾಲದಲ್ಲಿ ಸಾಗರಕ್ಕೆ ಬಂದವಳು ಜಗಲಿಯಲ್ಲಿ ಕೂತು ಕೇಳಿದಳು: "ಅಜ್ಜ, ಭೂಸುಧಾರಣೆ ಮಸೂದೆ ಬಂದಾಗ ಗೋಪಾಲಗೌಡ್ರು ಯಾವ ಕಡೆ ಓಟು ಹಾಕಿದ್ರು?"

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು. ಕಾಗೋಡು ಸತ್ಯಾಗ್ರಹ ಹೇಳಿಕೊಡುವಾಗ ಶಾಂತವೇರಿ ಗೋಪಾಲಗೌಡರ ಹೆಸರೆತ್ತದೆ ಮುಂದೆ ಹೋದದ್ದೇ ಇಲ್ಲ. ಆದರೂ ಈ ಪ್ರಶ್ನೆಯನ್ನು ನಾನೇ ಕೇಳಿಕೊಂಡಿರಲಿಲ್ಲ. ಹಾಳೆಯೊಂದರ ಮೇಲೆ ಒಂದು ಸಾಲಿನಲ್ಲಿ ಅವರು ಶಾಸಕರಾಗಿದ್ದ ವರ್ಷಗಳನ್ನೂ ಇನ್ನೊಂದರಲ್ಲಿ ಕಾನೂನುಗಳ ಇಸವಿಗಳನ್ನೂ ಬರೆದು ನೋಡಿದೆವು. ಗೇಣಿದಾರರ ಬದುಕನ್ನು ಬದಲಿಸಿದ ಎರಡು ದೊಡ್ಡ ಮಸೂದೆಗಳು ಮತಕ್ಕೆ ಬಂದ ಎರಡು ಸಲವೂ ಗೋಪಾಲಗೌಡರು ಸದನದಲ್ಲಿರಲಿಲ್ಲ.

ಅವಳಿಗೆ ಅಚ್ಚರಿಯಾಯಿತು. ನನಗೆ ಸಂಕಟವಾಯಿತು. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೊಳಗವಿದೆ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ ಹೊಡೆದದ್ದು. ಅಜ್ಜ ಮನೆಬಳಕೆಗೆಂದು ಮಾಡಿಸಿಕೊಂಡದ್ದು. ಸುಗ್ಗಿ ಮುಗಿದು ಕಣದಲ್ಲಿ ಭತ್ತದ ರಾಶಿ ಬಿದ್ದ ದಿನ ಒಡೆಯರ ಮನೆಯಿಂದ ಬೇರೊಂದು ಕೊಳಗ ಬರುತ್ತಿತ್ತು. ಗೇಣಿ ಅಳೆಯುವುದು ಅದರಲ್ಲೇ. ಅದರ ಹತ್ತು ಕೊಳಗ ನಮ್ಮದರಲ್ಲಿ ಹನ್ನೆರಡಾಗುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಆಷಾಢದಲ್ಲಿ ಹೊಟ್ಟೆಗೆ ಭತ್ತ ಸಾಲ ಕೇಳಲು ಹೋದರೆ ಅದೇ ಮನೆಯಲ್ಲಿ ಅಳೆದು ಕೊಡುವ ಕೊಳಗ ಚಿಕ್ಕದು. ಭತ್ತ ಅಳೆಯುವಾಗ ಮೊದಲನೆಯ ಕೊಳಗಕ್ಕೆ 'ಒಂದು' ಅನ್ನುವ ರೂಢಿಯಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ನಮ್ಮ ಅಜ್ಜನ ಕಣದಲ್ಲಿ ಆ ಲಾಭ ಪ್ರತಿ ವರ್ಷ ಒಡೆಯರ ಗಾಡಿಗೇ ಏರುತ್ತಿತ್ತು.

ಕಾಗೋಡಿನಲ್ಲಿ ಜಗಳ ಹುಟ್ಟಿದ್ದು ಈ ಕೊಳಗದಿಂದಲೇ. ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಅವರನ್ನು ಒಗ್ಗೂಡಿಸಿದರು. ಸರಿಯಾದ ಅಳತೆಯ ಕೊಳಗ ಬೇಕು, ಕೊಟ್ಟ ಗೇಣಿಗೆ ರಸೀದಿ ಬೇಕು ಎಂದು ಕೇಳಿದವರಿಗೆ ಗದ್ದೆಗೇ ಇಳಿಯಕೂಡದು ಎಂಬ ಉತ್ತರ ಬಂತು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಾವೇ ತಲೆಮಾರುಗಳಿಂದ ಉತ್ತ ಗದ್ದೆಗೆ ನೇಗಿಲು ಹೊತ್ತು ಇಳಿಯುವುದು, ಪೊಲೀಸರು ಹಿಡಿದರೆ ಜೈಲಿಗೆ ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದಲ್ಲಿ ಬಂಧನಕ್ಕೂ ಒಳಗಾದರು. ಮಲೆನಾಡಿನ ಮೂಲೆಯ ಹಳ್ಳಿಯ ಹೆಸರು ದೇಶಕ್ಕೆ ಗೊತ್ತಾಯಿತು.

ಆ ಹೋರಾಟದ ಮುಂಚೂಣಿಯಲ್ಲಿದ್ದ ಗೋಪಾಲಗೌಡರಿಗೆ ಆಗ 28 ವರ್ಷ. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಕಾಗೋಡಿನ ಮರುವರ್ಷ, ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, ನಮ್ಮ ಸಾಗರ–ಹೊಸನಗರದ ಜನ ಅವರನ್ನು ಶಾಸಕರನ್ನಾಗಿ ಆರಿಸಿದರು. ಒಂದು ಓಟು, ಜೊತೆಗೊಂದು ನೋಟು ಎಂದು ಅವರು ಮನೆಮನೆಗೆ ಹೋಗಿ ಕೇಳುತ್ತಿದ್ದರೆಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಮತದಾರನಿಗೆ ದುಡ್ಡು ಹಂಚದೆ, ಅವನಿಂದಲೇ ಒಂದು ರೂಪಾಯಿ ಪಡೆದು ಗೆದ್ದ ಶಾಸಕ ಎಂದು ಅಪ್ಪ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಆ ರೂಪಾಯಿಗಳಲ್ಲಿ ಒಂದು ನಮ್ಮ ಅಜ್ಜನದು.

1952ರ ಜೂನ್ 18ರಂದು ಬೆಂಗಳೂರಿನಲ್ಲಿ ಮೈಸೂರು ವಿಧಾನಸಭೆ ಸೇರಿತು. ವಿಧಾನಸೌಧ ಆಗಿನ್ನೂ ಕಟ್ಟಡವಾಗಿ ಎದ್ದಿರಲಿಲ್ಲ. ಇಂದು ಹೈಕೋರ್ಟ್ ಇರುವ ಕೆಂಪು ಕಟ್ಟಡದಲ್ಲಿ, ಅಠಾರಾ ಕಚೇರಿಯಲ್ಲಿ, ಸದನ ನಡೆಯುತ್ತಿತ್ತು. ಒಟ್ಟು 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿನವು 74, ಸಮಾಜವಾದಿ ಪಕ್ಷದವು 3. ಈ ಲೆಕ್ಕ ನೋಡಿದರೆ ಗೋಪಾಲಗೌಡರ ಮತಕ್ಕೆ ಎಷ್ಟು ತೂಕವಿತ್ತು ಎಂಬುದು ಗೊತ್ತಾಗುತ್ತದೆ. ಮೂರು ಕೈ ಎತ್ತಿದರೂ ಒಂದೇ, ಎತ್ತದಿದ್ದರೂ ಒಂದೇ. ಅವರ ಹತ್ತಿರ ಇದ್ದದ್ದು ಮಾತು.

ನಮ್ಮ ನಾಡಿನಲ್ಲಿ ಪ್ರತಿನಿಧಿಗಳಿಗೆ ಮತಕ್ಕಿಂತ ಮೊದಲು ದಕ್ಕಿದ್ದೂ ಮಾತೇ. 1881ರ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ 144 ಮಂದಿ ಬಂದಿದ್ದರು. ಯಾವ ಕಾನೂನಿಗೂ ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ದಿವಾನರು ರಾಜ್ಯದ ಲೆಕ್ಕ ಒಪ್ಪಿಸುವರು, ಇವರು ತಮ್ಮ ಸೀಮೆಯ ಅಹವಾಲು ಹೇಳುವರು. ಆ ಅಹವಾಲು ಹೇಳುವ ಪದ್ಧತಿಯನ್ನೇ ಗೋಪಾಲಗೌಡರು ಹೊಸ ಸದನದಲ್ಲಿ ಗೇಣಿದಾರನ ಪರವಾಗಿ ಹರಿತ ಮಾಡಿದರೆಂದು ನನಗನ್ನಿಸುತ್ತದೆ. ಅವರು ಕನ್ನಡದಲ್ಲೇ ಮಾತಾಡಿದರು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ಪಟ್ಟು ಹಿಡಿದರು. ಏಕೀಕರಣದ ಪ್ರಶ್ನೆ ಎದ್ದಾಗ, ಹಳೇ ಮೈಸೂರಿನ ಹಲವು ಶಾಸಕರು ಬೇಡವೆನ್ನುತ್ತಿದ್ದ ಹೊತ್ತಿನಲ್ಲಿ, ಕನ್ನಡಿಗರೆಲ್ಲ ಒಂದಾಗಬೇಕೆಂದು ವಾದಿಸಿದರು. ಅವರ ಸದನದ ಭಾಷಣಗಳು ಪುಸ್ತಕವಾಗಿ ಬಂದಿವೆ. ಓದಿದವರಿಗೆ ಗೊತ್ತು, ಅಲ್ಲಿ ಉಳುವವನ ಹಕ್ಕು ಮತ್ತೆ ಮತ್ತೆ ಬರುತ್ತದೆ.

ಈಗ ಆ ಎರಡು ಸಾಲಿನ ಹಾಳೆಗೆ ಬರೋಣ.

1957ರ ಚುನಾವಣೆಯ ನಂತರದ ಐದು ವರ್ಷ ಗೋಪಾಲಗೌಡರು ಸದನದಲ್ಲಿರಲಿಲ್ಲ. ವಿಶಾಲ ಮೈಸೂರಿನ ಭೂಸುಧಾರಣಾ ಕಾಯ್ದೆ ರೂಪುಗೊಂಡದ್ದು ಅದೇ ಅವಧಿಯಲ್ಲಿ. ಮಸೂದೆಯನ್ನು ಮುನ್ನಡೆಸಿದವರು ಕಂದಾಯ ಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪ. ಅವರೂ ತೀರ್ಥಹಳ್ಳಿ ಸೀಮೆಯವರೇ, ಗೇಣಿದಾರನ ಕಷ್ಟ ಬಲ್ಲವರೇ. 1961ರಲ್ಲಿ ಮಸೂದೆ ಪಾಸಾಯಿತು. ಜಾರಿಗೆ ಬರುವ ಹೊತ್ತಿಗೆ 1965ರ ಅಕ್ಟೋಬರ್ 2 ಆಗಿತ್ತು. ಒಳ್ಳೆಯ ಉದ್ದೇಶದ ಆ ಕಾಯ್ದೆಯಲ್ಲಿ ಒಂದು ದೊಡ್ಡ ಕಂಡಿ ಉಳಿದಿತ್ತು. 'ಸ್ವಂತ ಸಾಗುವಳಿ'ಗೆ ಬೇಕೆಂದು ಭೂಮಾಲೀಕ ಗೇಣಿದಾರನಿಂದ ಗದ್ದೆ ಮರಳಿ ಪಡೆಯಬಹುದಿತ್ತು. ಗೇಣಿಗೆ ಕಾಗದವಿಲ್ಲದ, ರಸೀದಿಯಿಲ್ಲದ ಕಡೆ ಉಳುತ್ತಿದ್ದವನು ತಾನೇ ಉಳುತ್ತಿದ್ದೆನೆಂದು ತೋರಿಸುವುದು ಹೇಗೆ? ನಮ್ಮ ಅಜ್ಜ ಉಳುತ್ತಿದ್ದ ಮೇಲಿನ ಮಕ್ಕಿಗದ್ದೆ ಹೋದದ್ದು ಆ ಕಾಲದಲ್ಲೇ. ಒಡೆಯರ ಮನೆಯವರು ಒಂದು ಬೆಳಗ್ಗೆ ಬಂದು, ಈ ವರ್ಷದಿಂದ ನಾವೇ ಮಾಡಿಸುತ್ತೇವೆ ಎಂದು ಹೇಳಿ ಹೋದರು. ಅಜ್ಜ ಮರುಮಾತಾಡದೆ ಎತ್ತುಗಳನ್ನು ಹೊಡೆದುಕೊಂಡು ಮನೆಗೆ ಬಂದರಂತೆ.

1962ರಲ್ಲಿ ಮತ್ತು 1967ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಿಂದ ಗೆದ್ದು ವಿಧಾನಸೌಧಕ್ಕೆ ಬಂದರು. ಸದನ ಆಗ 200 ಸದಸ್ಯರನ್ನು ದಾಟಿ ಬೆಳೆದಿತ್ತು. ಅವರ ಜೊತೆಗಾರರು ಬೆರಳೆಣಿಕೆಯಷ್ಟೇ. ಕಾಯ್ದೆಯ ಕಂಡಿಗಳನ್ನು ಎತ್ತಿ ತೋರಿಸುವುದೇ ಅವರ ಕೆಲಸವಾಯಿತು. ಆರೋಗ್ಯ ಕೆಟ್ಟಿತು. 1971ರಲ್ಲಿ ವಿಧಾನಸಭೆ ವಿಸರ್ಜನೆಯಾಗಿ ರಾಷ್ಟ್ರಪತಿ ಆಡಳಿತ ಬಂತು. 1972ರ ಚುನಾವಣೆಯಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಆ ವರ್ಷದ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಅವರಿಗೆ 49 ವರ್ಷ.

ಅವರು ಹೋಗಿ ಎರಡು ತಿಂಗಳು ತುಂಬುವುದರೊಳಗೆ, ಜುಲೈನಲ್ಲಿ, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುವ ನಿರ್ಣಯವನ್ನು ವಿಧಾನಸಭೆ ಒಮ್ಮತದಿಂದ ಅಂಗೀಕರಿಸಿತು. ಅವರು ವರ್ಷಗಟ್ಟಲೆ ಕೇಳಿದ ಹೆಸರು ಅದು. 1973ರಲ್ಲಿ ಭೂಸುಧಾರಣಾ ಕಾಯ್ದೆಗೆ ಅರಸು ಸರ್ಕಾರ ತಂದ ತಿದ್ದುಪಡಿ ಪಾಸಾಯಿತು. 1974ರ ಮಾರ್ಚ್ 1ರಂದು ಗೇಣಿ ಪದ್ಧತಿಯೇ ರದ್ದಾಗಿ, ಗೇಣಿಯ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನಿಗೆ ಅದರ ಮೇಲೆ ಅರ್ಜಿ ಹಾಕುವ ಹಕ್ಕು ಬಂತು. ಸ್ವಂತ ಸಾಗುವಳಿಯ ಆ ಹಳೆಯ ಕಂಡಿ ಮುಚ್ಚಿತು. ಈ ಎರಡು ತೀರ್ಮಾನಗಳ ಹೊತ್ತಿನಲ್ಲಿ ತೀರ್ಥಹಳ್ಳಿಯ ಸ್ಥಾನದಲ್ಲಿ ಅವರದೇ ಪಕ್ಷದ ಕೋಣಂದೂರು ಲಿಂಗಪ್ಪ ಇದ್ದರು, ಸಾಗರದ ಸ್ಥಾನದಲ್ಲಿ ಕಾಗೋಡು ತಿಮ್ಮಪ್ಪ ಇದ್ದರು. ಕಾಗೋಡು ಎಂಬ ಊರ ಹೆಸರೇ ಶಾಸಕರೊಬ್ಬರ ಹೆಸರಾಗಿ ಸದನದೊಳಗೆ ಕೂತಿತ್ತು.

"ಹಾಗಾದ್ರೆ ಅವರ ವೋಟಿಂಗ್ ರೆಕಾರ್ಡು ಎಲ್ಲಿ ಸಿಗುತ್ತೆ?" ಎಂದು ಮೊಮ್ಮಗಳು ಮತ್ತೆ ಕೇಳಿದಳು. ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಸದನಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. ಪರವಾಗಿರುವವರು 'ಹೌದು' ಎನ್ನುತ್ತಾರೆ, ವಿರೋಧಿಸುವವರು 'ಇಲ್ಲ' ಎನ್ನುತ್ತಾರೆ, ಯಾವ ದನಿ ಜೋರೆಂದು ಕೇಳಿ ಸಭಾಧ್ಯಕ್ಷರು ತೀರ್ಮಾನ ಹೇಳುತ್ತಾರೆ. ಆ 'ಹೌದು' ಯಾರ ಬಾಯಿಂದ ಬಂತೆಂದು ಎಲ್ಲೂ ಬರೆದಿರುವುದಿಲ್ಲ. ಯಾರಾದರೂ ಮತವಿಭಜನೆ ಕೇಳಿದರೆ ಮಾತ್ರ ತಲೆ ಎಣಿಸುತ್ತಾರೆ. 2019ರ ಜುಲೈ 23ರಂದು ವಿಶ್ವಾಸಮತದ ಹೊತ್ತಿನಲ್ಲಿ ಸಾಲುಸಾಲಾಗಿ ಶಾಸಕರನ್ನು ನಿಲ್ಲಿಸಿ ಎಣಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ಪರ 99, ವಿರೋಧ 105. ಸರ್ಕಾರ ಉಳಿಯುವ, ಉರುಳುವ ಪ್ರಶ್ನೆ ಬಂದಾಗ ಒಂದೊಂದು ತಲೆಗೂ ಲೆಕ್ಕವಿದೆ. ರೈತನ ಗದ್ದೆಯ ಪ್ರಶ್ನೆ ಬಂದಾಗ ದನಿ ಸಾಕು ಎನ್ನುವುದು ನನಗೆ ಸರಿಕಾಣುವುದಿಲ್ಲ. 1985ರಲ್ಲಿ ಪಕ್ಷಾಂತರ ನಿಷೇಧ ಬಂದಮೇಲೆ ವಿಪ್ ಮೀರಿ ಮತ ಹಾಕಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಿರುವಾಗ ಶಾಸಕನ ಮನಸ್ಸು ತಿಳಿಯಲು ನಮಗೆ ಉಳಿದಿರುವ ದಾರಿ ಅವನ ಮಾತೊಂದೇ. ಸದನದಲ್ಲಿ ಅವನು ಹಾಜರಿದ್ದನೇ, ಎದ್ದು ನಿಂತನೇ, ಯಾರ ಪರವಾಗಿ ಏನು ಕೇಳಿದ ಎಂಬುದನ್ನು ನಡವಳಿಗಳಲ್ಲಿ ಓದಬಹುದು.

ಗೋಪಾಲಗೌಡರ ದಾಖಲೆಯನ್ನು ಹಾಗೇ ಓದಬೇಕು. ಮತದ ಲೆಕ್ಕದಲ್ಲಿ ಅವರು ಸದಾ ಸೋತ ಕಡೆಯವರು. ಆದರೆ 1951ರಲ್ಲಿ ಜೈಲಿಗೆ ಹೋಗಿ ಕೇಳಿದ್ದನ್ನು, 1952ರಿಂದ ಸದನದಲ್ಲಿ ನಿಂತು ಕೇಳಿದ್ದನ್ನು, 1973ರಲ್ಲಿ ಆಳುವ ಪಕ್ಷವೇ ಕಾನೂನು ಮಾಡಬೇಕಾಯಿತು. ತಾನು ಮತ ಹಾಕುವುದಕ್ಕಿಂತ ಹೆಚ್ಚಿನ ಕೆಲಸ ಇದು. ನಾಳೆಯ ಸದನ ಯಾವುದಕ್ಕೆ ಮತ ಹಾಕಬೇಕೆಂಬುದನ್ನು ಅವರು ತೀರ್ಮಾನಿಸಿ ಹೋದರು.

ಆ ಕಾನೂನು ನಮ್ಮ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನನಗಾಗ ಹದಿನೇಳು. ಮನೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲವನು ನಾನೊಬ್ಬನೇ. ಅಪ್ಪ ಪೇಟೆಯಿಂದ ಏಳನೇ ನಂಬರಿನ ಫಾರಂ ತಂದಿದ್ದರು. 'ಡಿಕ್ಲರೇಷನ್' ಎಂದೇ ಊರೆಲ್ಲ ಕರೆಯುತ್ತಿತ್ತು. ಲಾಟೀನಿನ ಕೆಳಗೆ ಮಣೆಯ ಮೇಲೆ ಕಾಗದವಿಟ್ಟು ಬರೆಯಲು ಕೂತೆ. ಸರ್ವೆ ನಂಬರು, ವಿಸ್ತೀರ್ಣ, ಭೂಮಾಲೀಕನ ಹೆಸರು, ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸೊಪ್ಪಿನಬೆಟ್ಟ ಎಂದು ಅಪ್ಪ ಕಣ್ಣು ಮುಚ್ಚಿಕೊಂಡು ಹೇಳಿದರು. ಭೂಮಾಲೀಕನ ಹೆಸರು ಹೇಳುವಾಗ ಮಾತ್ರ ದನಿ ತಗ್ಗಿತು. ಒಡೆಯರ ಹೆಸರನ್ನು ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಷ್ಟು ವರ್ಷದಿಂದ ಸಾಗುವಳಿ ಎಂದು ಕೇಳಿದಾಗ, "ಬರಿ, ನಮ್ಮಜ್ಜನ ಕಾಲದಿಂದ" ಅಂದರು. ಕೆಳಗೆ ಹೆಬ್ಬೆಟ್ಟು ಒತ್ತಿದರು.

ರಾಜ್ಯದಲ್ಲಿ ಅಂಥ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಿದ್ದವು. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಕೂತು ವಿಚಾರಣೆ ಮಾಡಿತು. ಎಲ್ಲರಿಗೂ ನ್ಯಾಯ ಸಿಗಲಿಲ್ಲ. ಹೆದರಿ ಅರ್ಜಿ ಹಾಕದವರಿದ್ದರು, ಹಾಕಿ ಹಿಂತೆಗೆದುಕೊಂಡವರಿದ್ದರು, ಕೂಲಿಯವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ನಮಗೆ ಸಿಕ್ಕಿತು. ಅದಕ್ಕಾಗಿಯೇ, 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಲು ಬಾಗಿಲು ತೆರೆದಾಗ, ನನ್ನ ಎದೆ ಬಡಿದುಕೊಂಡಿತು.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕ್ಷೇತ್ರದ ಶಾಸಕರು ಈ ಸಲ ಊರಿಗೆ ಬಂದಾಗ ರಸ್ತೆ, ಸಮುದಾಯ ಭವನ ಕೇಳಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕೇಳಿ: ಭೂಮಿಯ ಮಸೂದೆ ಬಂದ ದಿನ ನೀವು ಸದನದಲ್ಲಿದ್ದಿರಾ? ಏನು ಹೇಳಿದಿರಿ? ಮುಖ್ಯ ಮಸೂದೆಗಳಿಗೆ ಹೆಸರು ಬರೆದು ಮತ ಎಣಿಸಬೇಕೆಂದು ಒತ್ತಾಯಿಸಿ. ಮೊಮ್ಮಗಳು ಕೇಳಿದಂಥ ಪ್ರಶ್ನೆಗೆ ನಾಳೆಯ ಮೊಮ್ಮಕ್ಕಳಿಗಾದರೂ ಉತ್ತರ ಸಿಗಬೇಕು.

ಅವಳು ಹೊರಡುವ ಮುನ್ನ ಟ್ರಂಕಿನಿಂದ ಎರಡು ಹಳೆಯ ಪಹಣಿ ತೆಗೆದು ತೋರಿಸಿದೆ. ಮೊದಲನೆಯದರಲ್ಲಿ ಅಪ್ಪನ ಹೆಸರು 12ನೇ ಕಾಲಂನಲ್ಲಿದೆ, ಉಳುವವನ ಜಾಗದಲ್ಲಿ. ಎರಡನೆಯದರಲ್ಲಿ 9ನೇ ಕಾಲಂನಲ್ಲಿದೆ, ಒಡೆಯನ ಜಾಗದಲ್ಲಿ.